ಮಾಳಿಗೆಯ ಮೇಲೆ ಬಿತ್ತಿದ ಹಲ್ಲು

ಬೀಡಿ ಸೇದುವವರು ಬೀಡಿ ಕಟ್ಟನ್ನು ಹೆಂಡತಿಗೆ ಕಾಣದಂತೆ ಇಡುತ್ತಾರೆ, ಇಸ್ಪೀಟು ಆಡುವವರು ಎಲೆಗಳನ್ನು ಹಾಸಿಗೆಯ ಕೆಳಗೆ ತೂರಿಸುತ್ತಾರೆ. ನಾನು ಬತ್ತಾಸು ಮುಚ್ಚಿಡುತ್ತಿದ್ದೆ. ನಲವತ್ತರ ಹತ್ತಿರ ಬಂದ, ಮೀಸೆ ಬಿಟ್ಟ, ಒಂದು ಹೆಣ್ಣುಮಗುವಿನ ತಂದೆಯಾದ ಗಂಡಸು ಬತ್ತಾಸು ಮುಚ್ಚಿಡುತ್ತಿದ್ದ ಎಂದು ಬರೆಯಲು ಈಗಲೂ ಸಂಕೋಚವೇ. ಆದರೆ ಸಿಹಿಯ ವಿಷಯದಲ್ಲಿ ನನಗೆ ಯಾವತ್ತೂ ಮನಸ್ಸಿನ ಮೇಲೆ ಹಿಡಿತವಿಲ್ಲ. ತೆಲುಗು ಗಡಿಯ ಆದವಾನಿಯಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ನಾನು ಸ್ಯಾಂಪಲ್ ಗುಮಾಸ್ತನಾಗಿದ್ದೆ. ನನ್ನ ಮೇಜಿನ ಖಾನೆಯ ತುಂಬ ಕಾಗದದಲ್ಲಿ ಸುತ್ತಿದ ಹತ್ತಿಯ ಸ್ಯಾಂಪಲ್ಲುಗಳು, ಅವುಗಳ ನಡುವೆ ಅದೇ ಕಾಗದದಲ್ಲಿ ಸುತ್ತಿದ ಬತ್ತಾಸು, ಪೇಡೆ, ಹಬ್ಬದ ಮರುದಿನವಾದರೆ ಒಂದೆರಡು ಕರ್ಜಿಕಾಯಿ. ಒಮ್ಮೆ ಸಾಹುಕಾರರು ಖರೀದಿದಾರರೊಬ್ಬರ ಮುಂದೆ ಸ್ಯಾಂಪಲ್ ಬಿಚ್ಚಿದಾಗ ಹತ್ತಿಯಿಂದ ಇರುವೆಗಳು ಸಾಲಾಗಿ ಹೊರಬಂದವು. "ಹತ್ತಿ ಭಾಳ ಸಿಹಿ ಐತೇನ್ರಿ?" ಎಂದು ಖರೀದಿದಾರರು ಕೇಳಿದರು. ಸಾಹುಕಾರರು ನನ್ನ ಕಡೆ ನೋಡಿದರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನಿನ ಕಡೆ ನೋಡಿದೆ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ರೈತರು ತಂದ ಹತ್ತಿಯಿಂದ ಒಂದು ಚಿಟಿಕೆ ಕಿತ್ತು, ಎರಡೂ ಕೈಯ ಹೆಬ್ಬೆರಳುಗಳ ನಡುವೆ ಎಳೆದು ಎಳೆದು, ಎಳೆಯ ಉದ್ದ ನೋಡಿ, ಕಸ ಎಷ್ಟಿದೆ ಎಂದು ಅಂದಾಜು ಮಾಡಿ, ಕಾಗದದಲ್ಲಿ ಸುತ್ತಿ, ಚೀಟಿ ಅಂಟಿಸಿ, ನಂಬರು ಬರೆಯುವುದು. ಹದಿನೈದು ವರ್ಷ ಇದನ್ನೇ ಮಾಡಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎರಡು ಸ್ಯಾಂಪಲ್ಲುಗಳನ್ನು ಅಕ್ಕಪಕ್ಕ ಇಟ್ಟು ನೋಡದೆ ಅವನು ಯಾವುದನ್ನೂ ನಂಬುವುದಿಲ್ಲ. ನನ್ನ ಮದುವೆಯ ಕಾಲದಲ್ಲಿ ಈ ಚಟ ಇರಲಿಲ್ಲವೆಂದು ನನ್ನ ಹೆಂಡತಿ ಶಾಂತಾ ಆಗಾಗ ದೇವರಿಗೆ ಕೈ ಮುಗಿಯುತ್ತಾಳೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ದಿನಗಳಲ್ಲಿ ನನ್ನ ಎಡಗಡೆಯ ಒಂದು ದವಡೆ ಹಲ್ಲು ಕೈಕೊಟ್ಟಿತು. ಲವಂಗ ಇಟ್ಟದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ಕೊನೆಗೆ ಮುಖ ಒಂದು ಕಡೆ ಊದಿಕೊಂಡು, ಮಗಳು ಗಿರಿಜಾ "ಅಪ್ಪಾ, ಬಾಯಾಗ ಉಂಡಿ ಇಟ್ಕೊಂಡಿಯೇನು, ನನಗೂ ಕೊಡು" ಎಂದ ದಿನ, ಸ್ಟೇಷನ್ ರಸ್ತೆಯ ಮಹಡಿಯ ಮೇಲಿದ್ದ ಹಲ್ಲಿನ ಡಾಕ್ಟರ ಬಳಿ ಹೋದೆ. ಡಾಕ್ಟರು ತೆಲುಗಿನವರು, ಹಾಸ್ಯಗಾರರು. ನನ್ನ ಬಾಯಿಯೊಳಗೆ ಟಾರ್ಚು ಬಿಟ್ಟು, "ಇದಿ ನೋರಾ, ಮಿಠಾಯಿ ಕೊಟ್ಟಾ?" ಎಂದರು. ಇದು ಬಾಯೋ ಮಿಠಾಯಿ ಅಂಗಡಿಯೋ ಎಂದು ಅವರ ಪ್ರಶ್ನೆ. ಬಾಯಿ ತೆರೆದಿದ್ದರಿಂದ ನನಗೆ ಉತ್ತರ ಕೊಡಲಾಗಲಿಲ್ಲ. ಹಲ್ಲು ಕಿತ್ತರು. ಅದನ್ನು ತೊಟ್ಟಿಗೆ ಎಸೆಯಲು ಹೊರಟಾಗ ನಾನು ಸನ್ನೆ ಮಾಡಿ ಕೇಳಿ ತೆಗೆದುಕೊಂಡು, ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿದೆ. ಅದು ಕೈಯ ಅಭ್ಯಾಸ. ಇನ್ನು ಮೇಲೆ ಸಿಹಿ ಬಿಡಬೇಕು ಎಂದು ಡಾಕ್ಟರು ಅಪ್ಪಣೆ ಮಾಡಿದರು. ಬಾಯಲ್ಲಿ ಹತ್ತಿ ತುಂಬಿಕೊಂಡೇ ನಾನು ಒಂದು ಪ್ರಶ್ನೆ ಕೇಳಿದೆ. ಹಲ್ಲಿಗೆ ಏನೂ ಮಾಡದ ಸಿಹಿ ಅನ್ನುವುದು ಲೋಕದಲ್ಲಿ ಇದೆಯೇ? ಡಾಕ್ಟರು ನಕ್ಕರು. "ಫಾರಿನ್‌ದಾಗ ಅಂಥಾವು ಮಾಡ್ತಾರಂತ. ಇಲ್ಲಿ ನೀನೇ ಕಂಡುಹಿಡಿ, ನಂಗೂ ಹೇಳು" ಎಂದರು. ಅವರು ತಮಾಷೆಗೆ ಹೇಳಿದ್ದು. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದೆ.

ಅಂದಿನಿಂದ ಶುರುವಾಯಿತು ನನ್ನ ಹುಡುಕಾಟ. ಮೊದಲು ಗ್ರಂಥಿಗೆ ಅಂಗಡಿಯಿಂದ ಜೇಷ್ಠಮಧು ತಂದೆ. ಕಟ್ಟಿಗೆ ಅಗಿದಂತೆ ಅಗಿದರೆ ಅರ್ಧ ಗಂಟೆಯ ನಂತರ ಸಿಹಿ ಬರುತ್ತದೆ, ಅಷ್ಟರಲ್ಲಿ ಉಳಿದ ಹಲ್ಲುಗಳೂ ಅಲ್ಲಾಡುತ್ತವೆ. ಆಮೇಲೆ ಸಕ್ಕರೆ ಕಾಯಿಲೆಯವರು ಚಹಾಕ್ಕೆ ಹಾಕಿಕೊಳ್ಳುವ ಸ್ಯಾಕರಿನ್ ಗುಳಿಗೆ ತಂದು, ಶಾಂತಾಳನ್ನು ಪುಸಲಾಯಿಸಿ ಅದರಲ್ಲಿ ಶಾವಿಗೆ ಪಾಯಸ ಮಾಡಿಸಿದೆ. ಎಷ್ಟು ಗುಳಿಗೆ ಎಂದು ಕೇಳಿದಳು. ನನಗೇನು ಗೊತ್ತು, ಒಂದು ಹಿಡಿ ಅಂದೆ. ಅವ್ವ, ಅಂದರೆ ನನ್ನ ತಾಯಿ, ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. "ಏನ ಶಾಂತಾ, ಪಾಯಸದಾಗ ಬೇವಿನ ಎಲಿ ಉದುರಿದ್ವೇನ?" ಶಾಂತಾ ನನ್ನತ್ತ ಕೈ ತೋರಿಸಿ, "ನನ್ನ ಕೇಳಬ್ಯಾಡ್ರಿ ಅತ್ತಿ, ನಿಮ್ಮ ಮಗನ್ನ ಕೇಳ್ರಿ" ಎಂದು ಒಳಗೆ ಹೋದಳು. ಫ್ಯಾಕ್ಟರಿಯಲ್ಲಿ ಹತ್ತಿಯನ್ನು ಬೇಲು ಒತ್ತುವ ಪ್ರೆಸ್ಸಿನ ಮೇಸ್ತ್ರಿ ಖಾದರ್ ಸಾಬರ ಅಳಿಯ ದುಬೈಯಿಂದ ಬಂದಾಗ ಒಂದು ಪೊಟ್ಟಣ ಚೂಯಿಂಗ್ ಗಮ್ ತಂದಿದ್ದ. "ಸಕ್ಕರಿ ಇಲ್ರೀ ಇದ್ರಾಗ, ಬಿಲ್ಕುಲ್ ಇಲ್ಲ. ಆದ್ರೂ ಸಿಹಿ" ಎಂದು ಸಾಬರು ನನಗೊಂದು ಪಟ್ಟಿ ಕೊಟ್ಟರು. ನಾನು ಅದನ್ನು ಬಾಯಿಗಿಡುವ ಮೊದಲು ಎರಡೂ ಹೆಬ್ಬೆರಳಿನಿಂದ ಎಳೆದು ಉದ್ದ ನೋಡಿದೆ. ಎಳೆ ಬಹಳ ಉದ್ದವಿತ್ತು. ಸಿಹಿಯೂ ಇತ್ತು. ಆದರೆ ಇನ್ನೊಂದು ಪಟ್ಟಿ ಬೇಕಾದರೆ ದುಬೈಗೆ ಹೋಗಬೇಕಿತ್ತು. ಇವೆಲ್ಲ ನಡೆಯುತ್ತಿರುವಾಗ ಬಚ್ಚಲಮನೆಯಲ್ಲಿ ಗಿರಿಜಾ ಕೆಂಪು ಹಲ್ಲುಪುಡಿಯನ್ನು ಅಂಗೈಗೆ ಸುರುವಿಕೊಂಡು ನೆಕ್ಕುತ್ತಿರುವುದನ್ನು ಕಂಡೆ. ಬಯ್ಯಲು ಹೋದವನು ನಿಂತೆ. ನಾನೂ ಒಂದು ಚಿಟಿಕೆ ನೆಕ್ಕಿದೆ. ಸಿಹಿಯಾಗಿತ್ತು! ಹಲ್ಲಿಗೆ ಹಿತವಾದದ್ದು ಎಂದು ಡಬ್ಬಿಯ ಮೇಲೇ ಬರೆದಿತ್ತು. ಅಪ್ಪ ಮಗಳು ಇಬ್ಬರೂ ಬಚ್ಚಲಲ್ಲಿ ಕುಳಿತು ಹಲ್ಲುಪುಡಿ ತಿನ್ನುವುದನ್ನು ಶಾಂತಾ ನೋಡಿದಳು. ಆ ದಿನದ ಸಂಭಾಷಣೆಯನ್ನು ಇಲ್ಲಿ ಬರೆಯುವುದಿಲ್ಲ.

ಹೀಗೆ ನಾಲಿಗೆಯ ಮೇಲೆ ನಂಬಿಕೆಯಿಟ್ಟು ಪ್ರಯೋಜನವಿಲ್ಲ, ಸರಿಯಾದ ಸ್ಯಾಂಪಲ್ ಪರೀಕ್ಷೆಯೇ ಆಗಬೇಕು ಎಂದು ತೀರ್ಮಾನಿಸಿದೆ. ಒಂದು ಸೀಸೆಯಲ್ಲಿ ಸ್ಯಾಕರಿನ್ ನೀರು, ಇನ್ನೊಂದರಲ್ಲಿ ಬೆಲ್ಲದ ಗಟ್ಟಿ ಪಾಕ, ಎರಡರಲ್ಲೂ ಒಂದೊಂದು ಹಲ್ಲು. ಕೆಲವು ತಿಂಗಳ ನಂತರ ತೆಗೆದು ಯಾವುದು ಎಷ್ಟು ಕೆಟ್ಟಿದೆ ಎಂದು ನೋಡುವುದು. ಔಷಧಿಯ ಖಾಲಿ ಸೀಸೆಗಳನ್ನು ಕುದಿಸಿ ತೊಳೆದು, ಚೀಟಿ ಅಂಟಿಸಿ, ನಂಬರು ಬರೆದು ಸಿದ್ಧಮಾಡಿದೆ. ನನ್ನ ದವಡೆ ಹಲ್ಲು ಸ್ಯಾಕರಿನ್ ಸೀಸೆಗೆ ಇಳಿಯಿತು. ಬೆಲ್ಲದ ಸೀಸೆಗೆ ಹಲ್ಲಿರಲಿಲ್ಲ. ಯಾರ ಹತ್ತಿರ ಕೇಳುವುದು? ಖಾದರ್ ಸಾಬರ ಒಂದು ಹಲ್ಲು ಅಲ್ಲಾಡುತ್ತಿತ್ತು, ದಿನಾ ಬೆಳಿಗ್ಗೆ ಅವರ ಕ್ಷೇಮ ವಿಚಾರಿಸುತ್ತಿದ್ದೆ. ನನ್ನ ಈ ಅಕ್ಕರೆಗೆ ಅವರು ಮನಸೋತು ತಮಗೆಂದು ಉಳಿಸಿಕೊಂಡಿದ್ದ ಕೊನೆಯ ಗಮ್ ಪಟ್ಟಿಯನ್ನೂ ಕೊಡಲು ನೋಡಿದರು, ಹಲ್ಲು ಮಾತ್ರ ಕೊಡಲಿಲ್ಲ.

ಉಗಾದಿಗೆ ನಾಲ್ಕು ದಿನ ಇರುವಾಗ ಶೇಂಗಾ ಉಂಡೆ ಕಚ್ಚುತ್ತಿದ್ದ ಗಿರಿಜಾಳ ಮೇಲಿನ ಸಾಲಿನ ಮುಂದಿನ ಹಲ್ಲು ಉದುರಿತು. ಅಂಗೈಯಲ್ಲಿ ಹಲ್ಲಿಟ್ಟುಕೊಂಡು ಓಡಿಬಂದಳು. ಚಿಕ್ಕದು, ಬೆಳ್ಳಗಿತ್ತು, ಒಂದು ಹುಳುಕೂ ಇರಲಿಲ್ಲ. ಇಂಥ ಸ್ಯಾಂಪಲ್ ಮತ್ತೆ ಸಿಗಲಾರದು ಎಂದು ನನಗೆ ಅನ್ನಿಸಿದ್ದು ತಂದೆಯಾದವನಿಗೆ ತಕ್ಕದ್ದಲ್ಲ, ಆದರೆ ಅನ್ನಿಸಿತು. ಅಷ್ಟರಲ್ಲಿ ಅವ್ವ ಪಕ್ಕದ ಮನೆಯ ಎಮ್ಮೆಯ ಹತ್ತಿರ ಹೋಗಿ ಬೊಗಸೆ ಸಗಣಿ ತಂದುಬಿಟ್ಟಿದ್ದಳು. ನಮ್ಮ ಕಡೆ ಹಾಲುಹಲ್ಲನ್ನು ಬಿಸಾಡುವಂತಿಲ್ಲ. ಸಗಣಿಯ ಉಂಡೆಯೊಳಗೆ ಹುದುಗಿಸಿ ಮಾಳಿಗೆಯ ಮೇಲೆ ಎಸೆಯಬೇಕು. ಉಂಡೆ ಉರುಳಿ ಕೆಳಗೆ ಬರಬಾರದು, ಮೇಲೆಯೇ ನಿಲ್ಲಬೇಕು, ಆಗ ಹೊಸ ಹಲ್ಲು ನೆಟ್ಟಗೆ ಬರುತ್ತದೆ. ಎಸೆಯುವುದು ಅಪ್ಪನ ಕೆಲಸ.

ಅವ್ವ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ನನ್ನ ಬಲಗೈಗೆ ಕೊಟ್ಟಳು. ಎಡಗೈಯಲ್ಲಿ ಹಲ್ಲಿತ್ತು. ಅಂಗಳದಲ್ಲಿ ಶಾಂತಾ ಜೋಳ ಹಸನು ಮಾಡುತ್ತಿದ್ದಳು. ಅವ್ವನ ತೌರೂರು ಪೆದ್ದಕಡುಬೂರಿನಿಂದ ಬಂದ ಬಿಳಿ ಜೋಳ, ಮೊರದಲ್ಲಿ ಹರಡಿತ್ತು. "ಕಣ್ಣು ಮುಚ್ಚವ್ವ" ಎಂದು ಅವ್ವ ಮೊಮ್ಮಗಳಿಗೆ ಹೇಳಿದಳು, ತಾನೂ ಮುಚ್ಚಿದಳು, ಶಾಂತಾಳೂ ಮುಚ್ಚಿದಳು. ಆ ಎರಡು ಗಳಿಗೆಯಲ್ಲಿ ನನ್ನ ಎಡಗೈ ಹಲ್ಲನ್ನು ಜೇಬಿಗೆ ಬಿಟ್ಟು, ಮೊರದಿಂದ ಒಂದು ಜೋಳದ ಕಾಳು ಎತ್ತಿ ಉಂಡೆಗೆ ಒತ್ತಿತು. ಖಾಲಿ ಉಂಡೆ ಎಸೆಯಲು ಮನಸ್ಸು ಒಪ್ಪಲಿಲ್ಲ. ಒಳಗೆ ಏನಾದರೂ ಬೆಳ್ಳಗಿನದು ಇದ್ದರೆ ಮೋಸ ಅರ್ಧವಾದರೂ ಕಡಿಮೆಯಾಗುತ್ತದೆ ಎಂದು ಆಗ ನನಗೆ ತೋಚಿತು. "ಹಳೇ ಹಲ್ಲು ನಿನಗ, ಹೊಸಾ ಹಲ್ಲು ನಮಗ" ಎಂದು ಅವ್ವ ಮಾಳಿಗೆಗೆ ಹೇಳಿದಳು. ಎಸೆದೆ. ಮೇಲೆ ದಪ್ಪೆಂದು ಸದ್ದಾಯಿತು. "ನಿಂತ್ತು" ಎಂದು ಅವ್ವ ತೃಪ್ತಿಯಿಂದ ಕಣ್ಣು ತೆರೆದಳು. ಅವತ್ತು ಸಾಯಂಕಾಲವೇ ಬೆಲ್ಲದ ಸೀಸೆಗೆ ಹಲ್ಲು ಇಳಿಯಿತು. ಎರಡೂ ಸೀಸೆಗಳು ನನ್ನ ಹಳೆಯ ಟ್ರಂಕಿನೊಳಗೆ ಅಕ್ಕಪಕ್ಕ ಕುಳಿತವು.

ವೈಶಾಖ ಬಂತು, ಹೋಯಿತು. ಹಲ್ಲು ಬರಲಿಲ್ಲ. ಓರಗೆಯ ಮಕ್ಕಳಿಗೆ ಬಿದ್ದ ಹಲ್ಲು ಬಿದ್ದಲ್ಲೇ ಹುಟ್ಟುತ್ತಿದ್ದವು, ಇವಳಿಗೆ ಮಾತ್ರ ಆ ಜಾಗ ನುಣ್ಣಗೆ ಇತ್ತು. ಶಾಲೆಯಲ್ಲಿ "ಬೊಚ್ಚುಬಾಯಿ" ಎಂದು ಕರೆಯತೊಡಗಿದರು. ಬಾಯ್ತುಂಬ ನಗುತ್ತಿದ್ದ ಹುಡುಗಿ ಕೈ ಅಡ್ಡ ಹಿಡಿದು ನಗತೊಡಗಿದಳು, ಆಮೇಲೆ ನಗುವುದನ್ನೇ ಕಡಿಮೆ ಮಾಡಿದಳು. ಆಷಾಢದಲ್ಲಿ ಒಂದು ದಿನ ಊಟಕ್ಕೆ ಕುಳಿತಾಗ ಅವ್ವನ ತಟ್ಟೆಯಲ್ಲಿ ಬೆಲ್ಲ ಇರಲಿಲ್ಲ. ಅವ್ವನ ಊಟ ಮುಗಿಯುವುದೇ ಒಂದು ತುಂಡು ಬೆಲ್ಲದಿಂದ. ಅಪ್ಪ ತೀರಿಕೊಂಡ ವರ್ಷ ಕೂಡ ಅವಳು ಅದನ್ನು ಬಿಟ್ಟಿರಲಿಲ್ಲ. ಯಾಕೆಂದು ಕೇಳಿದೆ. "ಕೂಸಿಗೆ ಹಲ್ಲು ಬರೋತನಕ ನಾ ಬೆಲ್ಲ ಮುಟ್ಟಂಗಿಲ್ಲ ಅಂತ ಹರಕಿ ಹೊತ್ತೀನಪ್ಪ. ಉಂಡಿ ಕಟ್ಟೋದ್ರಾಗ ನಂದೇ ಏನಾರ ತಪ್ಪಾಗೇತೋ ಏನೋ" ಎಂದಳು. ತಪ್ಪು ಯಾರದೆಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ, ಮತ್ತು ನನ್ನ ಜೇಬಿನಲ್ಲಿ ಆ ಹೊತ್ತಿಗೆ ಎರಡು ಬತ್ತಾಸುಗಳಿದ್ದವು. ನಿಜ ಹೇಳುತ್ತೇನೆ, ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಬತ್ತಾಸು ಮಾತ್ರ ಆಮೇಲೆ ತಿಂದೆ.

ಮರುದಿನ ಗಿರಿಜಾಳನ್ನೂ ಎರಡು ಸೀಸೆಗಳನ್ನೂ ತೆಗೆದುಕೊಂಡು ಡಾಕ್ಟರ ಬಳಿ ಹೋದೆ. ಅವರು ಅವಳ ವಸಡನ್ನು ಬೆರಳಿನಿಂದ ಒತ್ತಿ ನೋಡಿ, ಒಳಗೆ ಹಲ್ಲು ಇದೆ, ವಸಡು ಗಟ್ಟಿಯಿದೆ, ತಾನಾಗಿಯೇ ಬರುತ್ತದೆ ಎಂದರು. ನನ್ನ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿಯಿತು. ಧೈರ್ಯ ಬಂದು, ಗಿರಿಜಾಳನ್ನು ಹೊರಗಿನ ಬೆಂಚಿಗೆ ಕಳಿಸಿ, ಚೀಲದಿಂದ ಸೀಸೆಗಳನ್ನು ತೆಗೆದು ಮೇಜಿನ ಮೇಲಿಟ್ಟು ನನ್ನ ಪರೀಕ್ಷೆಯನ್ನು ವಿವರಿಸಿದೆ. ಡಾಕ್ಟರು ಬೆಲ್ಲದ ಸೀಸೆಯನ್ನು ಬೆಳಕಿಗೆ ಹಿಡಿದರು. ಹಲ್ಲು ಹಾಕಿದಾಗ ಹೇಗಿತ್ತೋ ಹಾಗೇ ಇತ್ತು. "ಹಂಗಾರೆ ಬೆಲ್ಲ ಹಲ್ಲಿಗೆ ಏನೂ ಮಾಡಂಗಿಲ್ರಿ?" ಎಂದು ಆಸೆಯಿಂದ ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. "ಹಲ್ಲು ತಿನ್ನೋದು ಬೆಲ್ಲ ಅಲ್ಲಯ್ಯಾ. ಬಾಯಾಗಿನ ಕ್ರಿಮಿ ಬೆಲ್ಲ ತಿಂದು ಹುಳಿ ಬಿಡ್ತಾವ, ಆ ಹುಳಿ ಹಲ್ಲು ತಿಂತೈತಿ. ಸೀಸೆ ಕುದಿಸಿ, ಗಟ್ಟಿ ಪಾಕ ಹಾಕಿ, ನೀನು ಮಗಳ ಹಲ್ಲಿನ ಮುರಬ್ಬಾ ಮಾಡೀದಿ. ನೂರು ವರ್ಷ ಇಟ್ರೂ ಕೆಡಂಗಿಲ್ಲ" ಎಂದರು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಿಹಿ ತಿನ್ನುವವರು ಯಾರು ಎಂದು ಕೇಳಿದರು. ಅವ್ವ ಅಂದೆ. ಅವಳ ಹಲ್ಲು? ಎಲ್ಲ ಇವೆ, ಅರವತ್ತೈದರಲ್ಲಿ ಚಕ್ಕುಲಿ ಕಟಕಟ ಅಗಿಯುತ್ತಾಳೆ. ಬೆಲ್ಲ ತಿಂದ ಮೇಲೆ ಏನು ಮಾಡುತ್ತಾಳೆ? ಪಕ್ಕದ ಮನೆಗೆ ಕೇಳಿಸುವಂತೆ ಬಾಯಿ ಮುಕ್ಕಳಿಸುತ್ತಾಳೆ. ಒಂದು ಶೇಂಗಾ ಬಾಯಿಗೆ ಹಾಕಿಕೊಂಡರೂ ಮೂರು ಚೊಂಬು ನೀರು. ಡಾಕ್ಟರು ಸೀಸೆಗಳನ್ನು ನನ್ನ ಕಡೆ ತಳ್ಳಿ, ನಿನಗೆ ಬೇಕಾದ ಸ್ಯಾಂಪಲ್ ಅಡಿಗೆಮನೆಯಲ್ಲೇ ಕುಳಿತಿದೆಯಲ್ಲಯ್ಯಾ ಅಂದರು. ಇದ್ದಿರಬಹುದು. ಆದರೆ ಅವ್ವನಿಗೆ ಚೀಟಿ ಅಂಟಿಸುವ ಧೈರ್ಯ ಯಾರಿಗಿದೆ?

ಹಲ್ಲು ಬಂದೇ ಬರುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಹೇಳಿದೆ. "ಬರಲಿ, ಆಮ್ಯಾಲೆ ತಿಂತೀನಿ" ಎಂದಳು ಅವ್ವ. ನಿಜವನ್ನು ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ತೆರೆದ ಬಾಯಿಗೆ ಏನಾದರೂ ಬೇಕಲ್ಲ, ಒಂದು ಲೋಟ ನೀರು ಕುಡಿದು ಎದ್ದು ಹೋಗುತ್ತಿದ್ದೆ.

ಶ್ರಾವಣದ ಮೊದಲ ವಾರ. ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಡಿಗೆಮನೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಒಂದು ಗವಾಕ್ಷಿ ಬಿಟ್ಟಿತ್ತು. ಬಿಸಿಲಿದ್ದರೆ ಅದರ ಬೆಳಕು ಸರಿಯಾಗಿ ಅವ್ವನ ರೊಟ್ಟಿಯ ಕಲ್ಲಿನ ಮೇಲೆ ಬೀಳುತ್ತದೆ. ಅವತ್ತು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ರೊಟ್ಟಿಯ ಮೇಲೆ ಒಂದು ಉದ್ದನೆಯ ನೆರಳು ಅತ್ತ ಇತ್ತ ಆಡಿತು. ತಲೆ ಎತ್ತಿ ನೋಡಿದಳು. ಗವಾಕ್ಷಿಯ ಅಂಚಿನಿಂದ ಒಂದು ಹಸಿರು ಗರಿ ಒಳಗೆ ಬಾಗಿ ತೂಗುತ್ತಿತ್ತು.

"ಏನೋ ಅದು, ಮಾಳಿಗಿ ಮ್ಯಾಲೆ ಜೋಳ ಬೆಳದೈತಿ?"

"ಗುಬ್ಬಿ ಉದುರಿಸಿರಬೇಕ್ರಿ ಅತ್ತಿ" ಎಂದಳು ಶಾಂತಾ. ಆಹಾ, ಎಂಥ ಒಳ್ಳೆಯ ಮಾತು! ನಾನು ಜೋರಾಗಿ ತಲೆಯಾಡಿಸಿದೆ. ಸ್ವಲ್ಪ ಹೆಚ್ಚೇ ಆಡಿಸಿದೆನೆಂದು ಕಾಣುತ್ತದೆ. ಅವ್ವ ನನ್ನನ್ನು ಒಂದು ಗಳಿಗೆ ನೋಡಿ, ಬೇರು ಸಮೇತ ಕಿತ್ತು ತಾ ಎಂದಳು. ಏಣಿ ಹತ್ತಿದೆ. ಮೊಣಕಾಲೆತ್ತರದ ಜೋಳದ ಗಿಡ ಗವಾಕ್ಷಿಯ ಪಕ್ಕದಲ್ಲಿ ಠೀವಿಯಿಂದ ನಿಂತಿತ್ತು. ಬೇರನ್ನು ಅಲ್ಲೇ ಕೊಡವಿ ಬರೋಣವೆಂದರೆ ಕೆಳಗೆ ಗಿರಿಜಾ ಗವಾಕ್ಷಿಯಿಂದ ನನ್ನನ್ನೇ ನೋಡುತ್ತಿದ್ದಾಳೆ. ಕಿತ್ತು ತಂದೆ. ಒಣಗಿ ಕರಗಿ ಅರ್ಧವಾಗಿದ್ದ ಒಂದು ಸಗಣಿ ಉಂಡೆಯನ್ನು ಬೇರುಗಳು ಅಪ್ಪಿಕೊಂಡಿದ್ದವು. ಅವ್ವ ಉಂಡೆಯನ್ನು ಗುರುತಿಸಿದಳು. ನೆಲದ ಮೇಲೆ ಕುಳಿತು ಬೇರು ಬೇರು ಬಿಡಿಸಿ, ಪುಡಿ ಪುಡಿ ಮಾಡಿ ಹುಡುಕಿದಳು. ಕೊನೆಗೆ ಬರಿಯ ಜೋಳದ ಸಿಪ್ಪೆ ಅವಳ ಅಂಗೈಯಲ್ಲಿತ್ತು.

"ಹಲ್ಲು ಎಲ್ಲೈತೋ?"

ನಲವತ್ತು ವರ್ಷದಿಂದ ಆ ಧ್ವನಿಗೆ ನಾನು ಸುಳ್ಳು ಹೇಳಿ ಗೆದ್ದವನಲ್ಲ. ಟ್ರಂಕು ತೆಗೆದು ಎರಡೂ ಸೀಸೆಗಳನ್ನು ತಂದು ಅವಳ ಮುಂದಿಟ್ಟೆ. ಎಲ್ಲ ಹೇಳಿದೆ. ಡಾಕ್ಟರು, ಗಮ್ಮು, ಪಾಯಸ, ಮೊರ, ಎಲ್ಲ. ಶಾಂತಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಸಿಟ್ಟಿಗೋ ನಗೆಗೋ ತಿಳಿಯಲಿಲ್ಲ. ಗಿರಿಜಾ ತನ್ನ ಹಲ್ಲನ್ನು ಸೀಸೆಯಲ್ಲಿ ಕಂಡು ಹಳೆಯ ಗೆಳತಿ ಸಿಕ್ಕಂತೆ ಕುಣಿದಳು. ಅವ್ವ ಮಾತ್ರ ಬೆಲ್ಲದ ಸೀಸೆಯನ್ನು ಕೈಯಲ್ಲಿ ತಿರುಗಿಸುತ್ತಾ, "ನಾ ಒಂದು ತಿಂಗಳಿಂದ ಬೆಲ್ಲ ತಿಂದಿಲ್ಲ. ಈ ಹಲ್ಲು ಉಗಾದಿಯಿಂದ ಬೆಲ್ಲದಾಗೇ ಕುಂತೈತಿ" ಎಂದಳು. ಅವಳ ಕಣ್ಣು ತುಂಬಿತ್ತು. ಬಯ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನಾನು ಅವಳ ಕಾಲ ಬಳಿ ಕುಳಿತೆ. "ತಪ್ಪಾತವ್ವ" ಎಂದೆ. ಅವಳು ನನ್ನ ತಲೆಯ ಮೇಲೆ ಸಗಣಿಯ ಕೈಯಿಂದಲೇ ಒಂದು ಮೊಟಕಿ, "ಎದ್ದು ಸಗಣಿ ತಾ" ಎಂದಳು.

ಈ ಸಲ ಎಮ್ಮೆಯ ಬಳಿಗೆ ನಾನೇ ಹೋದೆ. ಹಲ್ಲನ್ನು ಅವ್ವ ತಾನೇ ತೊಳೆದು, ತಾನೇ ಉಂಡೆಗೆ ಒತ್ತಿ, ನನ್ನ ಕೈಗೆ ಕೊಟ್ಟಳು. ಯಾರೂ ಕಣ್ಣು ಮುಚ್ಚಲಿಲ್ಲ. ಮೂವರೂ ನನ್ನ ಎರಡೂ ಕೈಗಳನ್ನು ದಿಟ್ಟಿಸಿ ನೋಡುತ್ತಿದ್ದರು. ಎಸೆದೆ, ನಿಂತಿತು. ಎಂಟನೆಯ ದಿನ ಬೆಳಿಗ್ಗೆ ಗಿರಿಜಾ ಹಾಸಿಗೆಯಿಂದಲೇ ಕೂಗಿಕೊಂಡಳು. ವಸಡಿನಲ್ಲಿ ಅಕ್ಕಿ ನುಚ್ಚಿನಷ್ಟು ಬಿಳಿಯ ಚುಕ್ಕೆ ಮೂಡಿತ್ತು. ಅವಳು ಕೈ ಅಡ್ಡ ಇಡದೆ ನಕ್ಕಳು. ಅವ್ವ ದೇವರಿಗೆ ದೀಪ ಹಚ್ಚಿ, ಡಬ್ಬಿಯಿಂದ ಅಂಗೈಯಗಲದ ಬೆಲ್ಲ ತೆಗೆದು, ನನ್ನ ಮುಂದೆಯೇ ಕುಳಿತು ಸಾವಕಾಶವಾಗಿ ತಿಂದು, ಬೀದಿಗೆಲ್ಲ ಕೇಳುವಂತೆ ಬಾಯಿ ಮುಕ್ಕಳಿಸಿದಳು. ಹಲ್ಲು ಹೇಗೂ ಬರುವುದಿತ್ತು ಎಂದು ಡಾಕ್ಟರು ಮೊದಲೇ ಹೇಳಿದ್ದನ್ನು ನೆನಪಿಸಲು ಬಾಯಿ ತೆರೆದೆ. ಶಾಂತಾ ನನ್ನ ಬಾಯಿಗೂ ಒಂದು ತುಂಡು ಬೆಲ್ಲ ಇಟ್ಟು ಮುಚ್ಚಿಸಿದಳು. ನಾನೂ ಎದ್ದು ಹೋಗಿ ಬಾಯಿ ಮುಕ್ಕಳಿಸಿದೆ. ಅಂದಿನಿಂದ ಇಂದಿನವರೆಗೂ ಮುಕ್ಕಳಿಸುತ್ತಿದ್ದೇನೆ, ಇನ್ನೊಂದು ಹಲ್ಲೂ ಬಿದ್ದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಶುರುವಿನಲ್ಲೇ ಬತ್ತಾಸಿನ ವಿಷಯ ಒಪ್ಪಿಕೊಂಡವನು ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗಿರಿಜಾಳ ಹಲ್ಲು ಮೂಡಿದ ಮರುದಿನ, ಗಿಡ ಕಿತ್ತ ಜಾಗಕ್ಕೆ ಮಣ್ಣು ಮೆತ್ತಿ ಬರುತ್ತೇನೆಂದು ಹೇಳಿ ನಾನು ಮತ್ತೆ ಏಣಿ ಹತ್ತಿದೆ. ಮಣ್ಣಿಗೆ ಬೆರೆಸಲೆಂದು ಒಯ್ದ ಸಗಣಿಯಲ್ಲಿ ಸ್ವಲ್ಪ ಉಳಿದಿತ್ತು. ಸ್ಯಾಕರಿನ್ ಸೀಸೆಯಲ್ಲಿದ್ದ ನನ್ನ ದವಡೆ ಹಲ್ಲು, ಅದು ಹೇಗೋ ಗೊತ್ತಿಲ್ಲ, ನನ್ನ ಜೇಬಿನಲ್ಲೇ ಇತ್ತು. ಆಚೀಚೆ ನೋಡಿದೆ. ಯಾರೂ ಇರಲಿಲ್ಲ. ಹಲ್ಲನ್ನು ಸಗಣಿಯಲ್ಲಿ ಹುದುಗಿಸಿ ಮಾಳಿಗೆಯ ಮೇಲಿಟ್ಟು, ಅವ್ವ ಹೇಳುವ ಮಾತನ್ನೂ ಮೆಲ್ಲಗೆ ಹೇಳಿದೆ, ಬಿಟ್ಟರೆ ಕೆಲಸ ಕೆಡಬಹುದೆಂದು. ಅದಾಗಿ ಎಷ್ಟೋ ಮಳೆಗಾಲಗಳು ಕಳೆದವು. ಈಗಲೂ ಬೆಳಿಗ್ಗೆ ಬಾಯಿ ಮುಕ್ಕಳಿಸಿದ ಕೂಡಲೇ ನನ್ನ ನಾಲಿಗೆ ಎಡಗಡೆಯ ಆ ಖಾಲಿ ಜಾಗಕ್ಕೆ ಹೋಗಿ ಒಂದು ಸಲ ತಡವಿ ನೋಡಿ ಬರುತ್ತದೆ. ಏನ್ರಿ ಅದು ಎಂದು ಶಾಂತಾ ಕೇಳಿದರೆ, ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿದೆ ಅನ್ನುತ್ತೇನೆ.